ಕೋಡಿಂಗ್ ಬೇಕು, ಆದರೆ ಡ್ರಾಯಿಂಗ್ ಪೀರಿಯಡ್ ಕಿತ್ತುಕೊಂಡಲ್ಲ

ಮಾನ್ಯ ಸಂಪಾದಕರೆ,

ನಮ್ಮ ಊರಿನ ಒಂದು ಪ್ರೌಢಶಾಲೆಯಲ್ಲಿ ಈ ಶೈಕ್ಷಣಿಕ ವರ್ಷದಿಂದ ಎಂಟು ಮತ್ತು ಒಂಬತ್ತನೇ ತರಗತಿಗಳ ಚಿತ್ರಕಲಾ ಪೀರಿಯಡ್‌ಗಳನ್ನು ತೆಗೆದು, ಆ ವೇಳೆಯನ್ನು ಕಂಪ್ಯೂಟರ್ ಕೋಡಿಂಗ್‌ಗೆ ಕೊಟ್ಟಿದ್ದಾರೆ. ಪಾಲಕರ ಸಭೆಯಲ್ಲಿ ಈ ನಿರ್ಧಾರಕ್ಕೆ ಚಪ್ಪಾಳೆಯೂ ಬಿತ್ತು. ಹೊಟ್ಟೆ ತುಂಬಿಸುವುದು ಪ್ರೋಗ್ರಾಮಿಂಗ್, ಚಿತ್ರ ಬಿಡಿಸುವುದು ಪುರುಸೊತ್ತಿನ ಹವ್ಯಾಸ ಎಂಬ ಲೆಕ್ಕಾಚಾರ ಆ ಚಪ್ಪಾಳೆಯ ಹಿಂದಿದೆ. ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಬಿಸಿಎ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸುವ ನಾನು ಈ ಲೆಕ್ಕಾಚಾರವನ್ನು ಒಪ್ಪಲಾರೆ. ಕೋಡಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಕೋಡಿಂಗ್‌ಗೆ ಜಾಗ ಮಾಡಿಕೊಡಲು ಯಾವ ವಿಷಯವನ್ನು ಬೇಕಾದರೂ ಮುಟ್ಟಿ, ಚಿತ್ರಕಲೆಯನ್ನು ಮಾತ್ರ ಮುಟ್ಟಬೇಡಿ ಎಂಬುದು ನನ್ನ ಅರಿಕೆ. ಪ್ರೋಗ್ರಾಂ ಬರೆಯುವವನು ದಿನವಿಡೀ ಮಾಡುವ ಕೆಲಸಕ್ಕೆ ಅತಿ ಹತ್ತಿರವಾದ ತಾಲೀಮು ಶಾಲೆಯಲ್ಲಿ ಸಿಗುವುದಿದ್ದರೆ ಅದು ಡ್ರಾಯಿಂಗ್ ಮೇಷ್ಟ್ರ ತರಗತಿಯಲ್ಲಿಯೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ಹಂತದಲ್ಲಿ ಕೋಡಿಂಗ್ ಪರಿಚಯಿಸಬೇಕೆಂದು ಹೇಳಿತು. ಅದೇ ನೀತಿಯಲ್ಲಿ ಕಲೆಯನ್ನು ಎಲ್ಲ ಪಾಠಗಳೊಳಗೆ ಬೆರೆಸಬೇಕೆಂಬ ಮಾತೂ ಇದೆ. ರಾಜ್ಯವು ಆ ನೀತಿಯನ್ನು ಒಪ್ಪಲಿ, ಬಿಡಲಿ, ಶಾಲೆಗಳು ಮಾತ್ರ ಮೊದಲನೆಯ ಮಾತನ್ನು ಕೇಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಂತೆ ಕಾಣುತ್ತದೆ. ಇದಕ್ಕೆ ಕಾರಣ, ಪ್ರೋಗ್ರಾಮಿಂಗ್ ಎಂದರೆ ಗಣಿತದ ಮಗು ಎಂಬ ನಂಬಿಕೆ. ಗಣಿತ ಬೇಕು ನಿಜ. ಆದರೆ ಲೆಕ್ಕದಲ್ಲಿ ಪ್ರಶ್ನೆಯನ್ನು ಬೇರೊಬ್ಬರು ಕೊಟ್ಟಿರುತ್ತಾರೆ, ಉತ್ತರವೂ ಪುಸ್ತಕದ ಹಿಂದೆ ಇರುತ್ತದೆ. ಪ್ರೋಗ್ರಾಂ ಬರೆಯುವಾಗ ಏನು ಬೇಕೆಂಬುದೇ ಅರ್ಧ ಬರೆದ ಮೇಲೆ ಸ್ಪಷ್ಟವಾಗುತ್ತದೆ. ಬರೆದದ್ದನ್ನು ನಡೆಸಿ ನೋಡಿ, ಹಿಂದೆ ಸರಿದು, ಅಳಿಸಿ, ಮತ್ತೆ ಬರೆಯಬೇಕಾಗುತ್ತದೆ. ಹಾಳೆಯ ಮೇಲೆ ತೆಳು ಗೆರೆ ಎಳೆದು, ತಲೆ ವಾರೆ ಮಾಡಿ ನೋಡಿ, ರಬ್ಬರ್ ಹಿಡಿಯುವ ಹುಡುಗನ ಕೆಲಸವೂ ಇದೇ.

ನಮ್ಮ ಭಾಗದವರಿಗೆ ಇದನ್ನು ವಿವರಿಸಲು ಬೀದರಿನ ಬಿದ್ರಿ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಈ ಕಲೆಯ ಹೂಜಿ, ಹೂದಾನಿಗಳನ್ನು ಬಹುತೇಕರು ಗಾಜಿನ ಕಪಾಟಿನಲ್ಲಿ ನೋಡಿರುತ್ತಾರೆಯೇ ಹೊರತು ಮಾಡುವುದನ್ನು ನೋಡಿರುವುದಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಸಾಮಾನ್ಯವಾಗಿ ಹದಿನಾರು ಪಾಲಿಗೆ ಒಂದು ಪಾಲಿನಂತೆ, ಎರಕ ಹೊಯ್ದ ಪಾತ್ರೆ ಅಚ್ಚಿನಿಂದ ಹೊರಬರುವಾಗ ಒರಟಾಗಿ, ಬೂದು ಬಣ್ಣದ್ದಾಗಿರುತ್ತದೆ. ಅರದಿಂದಲೂ ಉಪ್ಪು ಕಾಗದದಿಂದಲೂ ಉಜ್ಜಿ ಮೈ ನುಣುಪಾದ ಮೇಲೆ ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಪಾತ್ರೆ ಕಪ್ಪಾಗುತ್ತದೆ. ಹೊಸಬರು ಇದೇ ಬಿದ್ರಿಯ ಹೆಸರಾಂತ ಕಪ್ಪು ಎಂದುಕೊಳ್ಳುತ್ತಾರೆ. ಆದರೆ ಈ ಕಪ್ಪು ಉಳಿಯುವುದಕ್ಕಾಗಿ ಬಳಿದದ್ದಲ್ಲ. ಚೂಪಾದ ಸಲಾಕೆಯಿಂದ ಬಳ್ಳಿ, ಹೂವುಗಳನ್ನು ಗೀರುವಾಗ ಗೆರೆ ಬೆಳ್ಳಗೆ ಎದ್ದು ಕಾಣಲಿ ಎಂಬುದಷ್ಟೇ ಅದರ ಉದ್ದೇಶ. ಆ ಗೆರೆಯ ಗುಂಟ ಉಳಿಯಿಂದ ಕೆತ್ತಿ, ಕೆತ್ತಿದ ಜಾಗದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ, ಸುತ್ತಿಗೆಯಿಂದ ತಟ್ಟಿ, ಮತ್ತೆ ಇಡೀ ಪಾತ್ರೆಯನ್ನು ಉಜ್ಜಿದಾಗ ಮೊದಲಿನ ಕಪ್ಪೆಲ್ಲ ಹೋಗಿಬಿಡುತ್ತದೆ. ಈ ಹಂತದಲ್ಲಿ ಬೆಳ್ಳಿಯ ಬಿಳುಪಿಗೂ ಸತುವಿನ ಬಿಳುಪಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ, ಅಷ್ಟು ದುಡಿದು ಕೂಡಿಸಿದ ಚಿತ್ರವೇ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಕೊನೆಗೆ ಪಾತ್ರೆಯನ್ನು ಹದವಾಗಿ ಕಾಯಿಸಿ, ಬೀದರ ಕೋಟೆಯ ಮಣ್ಣಿಗೆ ನವಸಾಗರ ಕಲಸಿದ ಲೇಪವನ್ನು ಹಚ್ಚಿದಾಗ ಸತುವಿನ ಮೈ ಮಾತ್ರ ಕಪ್ಪಾಗಿ, ಬೆಳ್ಳಿ ತನ್ನ ಹೊಳಪನ್ನು ಉಳಿಸಿಕೊಳ್ಳುತ್ತದೆ.

ಪ್ರೋಗ್ರಾಂ ಬರೆಯುವವರು ಈ ವಿವರದಲ್ಲಿ ತಮ್ಮ ದಿನಚರಿಯನ್ನು ಗುರುತಿಸದೆ ಇರಲಾರರು. ದೊಡ್ಡ ಪ್ರೋಗ್ರಾಂ ಒಂದರ ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ಕಾಣುವುದಿಲ್ಲ. ಆದ್ದರಿಂದ ನಾವು ಅಲ್ಲಲ್ಲಿ ‘ಈ ಸಾಲಿಗೆ ಬಂದಾಗ ಈ ಬೆಲೆ ಎಷ್ಟಿದೆ, ತೋರಿಸು’ ಎಂಬ ತಾತ್ಕಾಲಿಕ ಪ್ರಿಂಟ್ ಸಾಲುಗಳನ್ನು ಸೇರಿಸುತ್ತೇವೆ. ಬಳಕೆದಾರರ ಕೈಗೆ ಹೋಗುವ ಹೊತ್ತಿಗೆ ಅವು ಒಂದೂ ಉಳಿದಿರುವುದಿಲ್ಲ, ಅವಿಲ್ಲದೆ ಕೆಲಸ ಮುಗಿಯುವುದೂ ಇಲ್ಲ. ಮೈಲುತುತ್ತದ ಕಪ್ಪು ಮಾಡುವುದು ಅದನ್ನೇ. ಉಜ್ಜಿದ ಮೇಲೆ ಚಿತ್ರ ಕಾಣೆಯಾಗುವ ಆ ಹಂತವೂ ನಮಗೆ ಚೆನ್ನಾಗಿ ಗೊತ್ತು. ಒಳಗಿನ ರಚನೆಯೆಲ್ಲ ಸಿದ್ಧವಾಗಿದ್ದರೂ ಪರದೆಯ ಮೇಲೆ ತೋರಿಸಲು ಏನೂ ಇರದ ಆ ವಾರದಲ್ಲಿಯೇ ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಪ್ರಾಜೆಕ್ಟ್ ಕೈಬಿಟ್ಟು ಬೇರೆಯವರದನ್ನು ನಕಲು ಮಾಡುತ್ತಾರೆ. ಬಿದ್ರಿಯಲ್ಲಿ ಅಫ್ತಾಬಿ ಎಂಬ ಇನ್ನೊಂದು ಪದ್ಧತಿಯಿದೆ. ಅಲ್ಲಿ ಬೆಳ್ಳಿಯ ತಗಡಿನಲ್ಲಿಯೇ ಹೂಬಳ್ಳಿಯ ಆಕಾರವನ್ನು ಕತ್ತರಿಸಿ ತೆಗೆದು ಕೂಡಿಸುತ್ತಾರೆ, ಆಗ ಬೆಳ್ಳಿಯ ಹಿನ್ನೆಲೆಯಲ್ಲಿ ಕಪ್ಪು ಲೋಹವೇ ಚಿತ್ರವಾಗುತ್ತದೆ. ಇರುವುದನ್ನು ಹೇಳುವ ಬದಲು ಬಿಡಬೇಕಾದ್ದನ್ನು ಹೇಳಿ ಕೆಲಸವನ್ನು ಸರಳಗೊಳಿಸುವ ಈ ಉಪಾಯವನ್ನು ತರ್ಕದ ಪಾಠದಲ್ಲಿ ವಾರಗಟ್ಟಲೆ ಕಲಿಸಿದರೂ ಹತ್ತದ ಹುಡುಗರಿಗೆ, ಅಫ್ತಾಬಿ ತಟ್ಟೆಯ ಒಂದು ಫೋಟೊ ತೋರಿಸಿದರೆ ತಟ್ಟನೆ ಹೊಳೆಯುತ್ತದೆ.

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಯೋಚನೆ ಹುಟ್ಟಿದ್ದು ಕೂಡ ಚಿತ್ರದ ಜೊತೆಯಲ್ಲಿಯೇ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ರೂಪಿಸಿದ ಲೋಗೊ ಭಾಷೆ, ಮುಂದೆ ಅದಕ್ಕೆ ಜೊತೆಯಾದ ‘ಆಮೆ’ಯಿಂದಲೇ, ಅಂದರೆ ಹೇಳಿದಂತೆ ಚಲಿಸಿ ಗೆರೆ ಎಳೆಯುವ ಪುಟ್ಟ ಯಂತ್ರ ಅಥವಾ ಪರದೆಯ ಮೇಲಿನ ಗುರುತಿನಿಂದಲೇ, ಹೆಸರಾಯಿತು. ‘ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು’ ಎಂದರೆ ಆಮೆ ಹೋದಲ್ಲೆಲ್ಲ ಗೆರೆ ಮೂಡುತ್ತದೆ. ಇಂದಿನ ಪೈಥಾನ್ ಭಾಷೆಯಲ್ಲಿಯೂ ಅಂಥದೇ ಆಮೆ ಇದೆ. ಅದರಿಂದ ಬಿದ್ರಿಯ ಹೂವೊಂದನ್ನು ಬಿಡಿಸುವುದನ್ನು ನಾನು ಮೊದಲ ಸೆಮಿಸ್ಟರ್‌ನವರಿಗೆ ಕೊಡುತ್ತೇನೆ. 90 ಡಿಗ್ರಿಯ ಒಂದು ಕಮಾನು, 90 ಡಿಗ್ರಿ ತಿರುಗುವಿಕೆ, ಮತ್ತೆ ಅಂಥದೇ ಕಮಾನು, ಮತ್ತೆ ಅಷ್ಟೇ ತಿರುಗುವಿಕೆ: ಒಂದು ಎಸಳು ಮುಗಿದು ಆಮೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಪ್ರತಿ ಎಸಳಿನ ನಂತರ 45 ಡಿಗ್ರಿ ತಿರುಗಿಸಿ ಎಂಟು ಸಲ ಮಾಡಿದರೆ ಎಂಟೆಸಳಿನ ಹೂವು ಸಿದ್ಧ. ಏಳೆಸಳು ಬೇಕೆಂದಾಗ ಪೇಚಾಟ ಶುರುವಾಗುತ್ತದೆ. 360ನ್ನು ಏಳರಿಂದ ಭಾಗಿಸಿದರೆ ಶೇಷ ಉಳಿಯುವುದರಿಂದ ಹಲವರು ಸುಮ್ಮನೆ 51 ಎಂದು ಬರೆಯುತ್ತಾರೆ. ಏಳು ಐವತ್ತೊಂದಲೆ 357. ಉಳಿದ ಮೂರು ಡಿಗ್ರಿ ಕೊನೆಯ ಎಸಳಿಗೂ ಮೊದಲನೆಯದಕ್ಕೂ ನಡುವೆ ಹೆಚ್ಚಿನ ಬಿಡುವಾಗಿ ನಿಲ್ಲುತ್ತದೆ. ಅಂಥ ಹೂವನ್ನು ಪರದೆಯ ಮೇಲೆ ಇಟ್ಟುಕೊಂಡು ಸರಿಯಾಯಿತೆಂದು ಕುಳಿತವರ ನಡುವೆ, ಡ್ರಾಯಿಂಗ್ ಹೈಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದ್ದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದಲೇ, ‘ಸರ್, ಹೂವು ಒಂದು ಕಡೆ ಬಾಯಿ ಬಿಟ್ಟದರಿ’ ಎಂದಳು. ಅವಳು ಲೆಕ್ಕದಲ್ಲಿ ಮುಂದಿದ್ದವಳಲ್ಲ. ಅವಳ ಕಣ್ಣು ಪಳಗಿತ್ತು. ದೋಷ ಕಂಡ ಮೇಲೆ ಅದರ ಕಾರಣ ಹುಡುಕಿ, 51 ಎಂಬ ಅಂಕಿಯ ಬದಲು ‘360 ಭಾಗಿಸು ಎಸಳುಗಳ ಸಂಖ್ಯೆ’ ಎಂದು ಬರೆದು ಭಾಗಾಕಾರವನ್ನು ಯಂತ್ರಕ್ಕೇ ಬಿಡುವುದು ತರಗತಿಗೆ ಕಷ್ಟವಾಗಲಿಲ್ಲ. ದೋಷ ಇದೆಯೆಂದು ಕಾಣಬೇಕಲ್ಲ, ಅದು ಕಷ್ಟ.

ತಿದ್ದುವಿಕೆಯ ಬಗ್ಗೆ ಒಂದು ಮಾತು. ನಮ್ಮ ಪರೀಕ್ಷಾ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ, ಉತ್ತರ ಪತ್ರಿಕೆಯ ಮೇಲೆ ಪೆನ್ನಿನಿಂದ ಒಂದೇ ಉಸಿರಿನಲ್ಲಿ ಬರೆಯುತ್ತಾರೆ. ಜಗತ್ತಿನ ಯಾವ ಪ್ರೋಗ್ರಾಮರ್ ಕೂಡ ಹೀಗೆ ಕೆಲಸ ಮಾಡುವುದಿಲ್ಲ. ಹಳೆಯ ಯೂರೋಪಿನ ವರ್ಣಚಿತ್ರಗಳನ್ನು ಎಕ್ಸ್-ರೇ ಹಾಕಿ ನೋಡಿದಾಗ, ಮೇಲ್ಪದರದ ಕೆಳಗೆ ಬೇರೆ ಕಡೆಗೆ ಚಾಚಿದ್ದ ಕೈ, ಬೇರೆ ಕೋನದಲ್ಲಿದ್ದ ಮುಖ ಪತ್ತೆಯಾಗಿರುವುದು ಎಷ್ಟೋ ಸಲ. ದೊಡ್ಡ ಕಲಾವಿದರೂ ಬಿಡಿಸುತ್ತ ಬಿಡಿಸುತ್ತ ಮನಸ್ಸು ಬದಲಿಸಿದವರೇ. ಸಾಫ್ಟ್‌ವೇರ್ ಜಗತ್ತಿನಲ್ಲಿ ಈ ಒಳಪದರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದಕ್ಕೆಂದೇ ಸಾಧನಗಳಿವೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಎಂಬುದು ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಯಾವ ದಿನ ಯಾರು ಯಾವ ಸಾಲನ್ನು ಏಕೆ ಬದಲಿಸಿದರು ಎಂಬುದನ್ನು ಅದು ಹಿಡಿದಿಡುತ್ತದೆ. ಡ್ರಾಯಿಂಗ್ ತರಗತಿಯಲ್ಲಿ ಬೆಳೆದ ಮಗುವಿಗೆ ಅಳಿಸುವುದು ಅವಮಾನವೆನಿಸುವುದಿಲ್ಲ. ಕೆಂಪು ಶಾಯಿಯ ಭಯದಲ್ಲಿ ಬೆಳೆದ ಮಗುವಿಗೆ ಮೊದಲ ಎರರ್ ಸಂದೇಶವೇ ಕೊನೆಯದಾಗಿಬಿಡುವ ಅಪಾಯವಿದೆ.

ಹೆಸರಿಡುವ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದ ಸ್ತೂಪದ ಶಿಲ್ಪಫಲಕವೊಂದರಲ್ಲಿ ರಾಜನೊಬ್ಬ ಪರಿವಾರದೊಡನೆ ನಿಂತಿದ್ದಾನೆ. ಅವನು ಅಶೋಕನೆಂದು ನಾವು ತಿಳಿದದ್ದು ಫಲಕದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೊರೆದಿದ್ದರಿಂದ. ಪ್ರೋಗ್ರಾಂನಲ್ಲಿ ಪ್ರತಿಯೊಂದು ಭಾಗಕ್ಕೂ ಇಡುವ ಹೆಸರು ಯಂತ್ರಕ್ಕಾಗಿ ಅಲ್ಲ, ಮುಂದೆ ಬಂದು ಓದುವವನಿಗಾಗಿ. ‘ಎ’, ‘ಬಿ’, ‘ಟೆಂಪ್ 2’ ಎಂದು ಹೆಸರಿಟ್ಟ ಪ್ರೋಗ್ರಾಂಗಳನ್ನು ತಿದ್ದುತ್ತ ಕೂಡುವಾಗ ಕನಗನಹಳ್ಳಿಯ ಅನಾಮಿಕ ಶಿಲ್ಪಿಗಳ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಎರಡೂ ವಿದ್ಯೆಗಳು ಎಲ್ಲಿ ಬೇರ್ಪಡಿಸಲಾಗದಂತೆ ಬೆಸೆದಿವೆ ಎಂದು ತಿಳಿಯಬೇಕಾದರೆ ತಮ್ಮ ಪತ್ರಿಕೆಯ ಪುಟವನ್ನೇ ನೋಡಿದರೆ ಸಾಕು. ಗಣಕವಿಜ್ಞಾನಿ ಡೊನಾಲ್ಡ್ ನೂತ್ 1974ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದ ವಿಷಯವೇ ಪ್ರೋಗ್ರಾಮಿಂಗ್ ಒಂದು ಕಲೆ ಎಂಬುದಾಗಿತ್ತು. ಮೂರು ವರ್ಷಗಳ ನಂತರ ತಮ್ಮ ಗ್ರಂಥವೊಂದರ ಮರುಮುದ್ರಣದ ಪ್ರೂಫ್ ಕೈಗೆ ಬಂದಾಗ ಅಕ್ಷರಗಳ ಅಂದಗೇಡಿತನ ಅವರಿಗೆ ಸಹಿಸಲಾಗಲಿಲ್ಲ. ಬರೆಯುತ್ತಿದ್ದ ಗ್ರಂಥಮಾಲೆಯನ್ನು ಬದಿಗಿಟ್ಟು, ಪುಟ ಜೋಡಿಸಲು ಟೆಕ್ ಎಂಬ ಪ್ರೋಗ್ರಾಂ, ಅಕ್ಷರ ಬಿಡಿಸಲು ಮೆಟಾಫಾಂಟ್ ಎಂಬ ಇನ್ನೊಂದು ಪ್ರೋಗ್ರಾಂ ಬರೆಯಲು ತೊಡಗಿದರು. ಗಣಿತದ ಪಂಡಿತನೊಬ್ಬ ಅಕ್ಷರದ ಬಾಗು ಸರಿಯಿಲ್ಲವೆಂದು ವರ್ಷಗಟ್ಟಲೆ ದುಡಿದದ್ದನ್ನು ನಮ್ಮ ಪಾಲಕರ ಸಭೆ ಏನೆನ್ನುತ್ತಿತ್ತೋ.

ಕನ್ನಡದ ಫಾಂಟ್ ಇದಕ್ಕಿಂತಲೂ ಸ್ವಾರಸ್ಯಕರ. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿ) ಅದು ಆರು ಸಂಕೇತಗಳ ಸಾಲು: ಸ, ಹಲಂತ, ತ, ಹಲಂತ, ರ, ಕೊನೆಗೆ ದೀರ್ಘದ ಚಿಹ್ನೆ. ಕೊನೆಯಲ್ಲಿ ಬರುವ ಸ್ವರ ತೆರೆಯ ಮೇಲೆ ಹಿಂದಕ್ಕೆ ಹೋಗಿ ಮೊದಲನೆಯ ಸಕಾರದ ತಲೆ ಏರಬೇಕು, ತಕಾರ, ರಕಾರಗಳು ಒತ್ತುಗಳಾಗಿ ಇಳಿಯಬೇಕು. ಅರ್ಕಾವತ್ತಿನದು ಇದಕ್ಕೆ ತಿರುಗುಮುರುಗು. ‘ಸೂರ್ಯ’ ಎಂದು ಬರೆಯುವಾಗ ಮೊದಲು ಉಚ್ಚರಿಸುವ ರಕಾರವು ಹಳೆಯ ಬರಹದ ಪದ್ಧತಿಯಲ್ಲಿ ಯಕಾರದ ಬಲಕ್ಕೆ ಹೋಗಿ ಕೂಡುತ್ತದೆ. ಫಾಂಟ್ ಮಾಡುವವನು ಪ್ರತಿ ಆಕಾರವನ್ನು ಕೈಯಾರೆ ಬಿಡಿಸಬೇಕು. ಅನಂತರ ಯಾವ ಆಕಾರ ಯಾವುದರ ಪಕ್ಕ ಬಂದಾಗ ಯಾವುದಾಗಿ ಬದಲಾಗಬೇಕು, ಎಷ್ಟು ಸರಿಯಬೇಕು ಎಂಬ ನಿಯಮಗಳನ್ನು ಸಾಲುಸಾಲಾಗಿ ಬರೆಯಬೇಕು. ಮೇಲಿನ ಸಾಲಿನ ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಾಗುವುದನ್ನು ಓದುಗರು ಕಂಡಿರಬಹುದು. ಅದು ಚಿತ್ರದ ದೋಷವೋ ಪ್ರೋಗ್ರಾಂ ದೋಷವೋ ಎಂದು ಕೇಳಿದರೆ ಉತ್ತರವಿಲ್ಲ, ಎರಡನ್ನೂ ಒಟ್ಟಿಗೆ ನೋಡಬಲ್ಲವನೇ ಅದನ್ನು ಸರಿಪಡಿಸಬಲ್ಲ.

ಈ ನೋಟ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅರ್ಜಿ ನಮೂನೆಗಳೇ ಸಾಕ್ಷಿ. ‘ಮಲ್ಲಿಕಾರ್ಜುನ’ ಕಣ್ಣಿಗೆ ಐದು ಅಕ್ಷರ. ಯೂನಿಕೋಡ್‌ನಲ್ಲಿ ಹನ್ನೆರಡು ಸಂಕೇತ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ) ಬೇಕಾದ್ದರಿಂದ ಒಟ್ಟು ಮೂವತ್ತಾರು ಬೈಟ್. ಇಂಗ್ಲಿಷ್ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮೂವತ್ತು ಬೈಟ್‌ಗಳ ಜಾಗ ಬಿಟ್ಟವನ ನಮೂನೆಯಲ್ಲಿ ಆ ಹೆಸರು ‘ಮಲ್ಲಿಕಾರ್ಜ’ ಎಂದು ಕತ್ತರಿಸಿಹೋಗುತ್ತದೆ. ಅಂಥ ಕಾಗದ ಹಿಡಿದು ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ. ಚೌಕಟ್ಟು ಕಟ್ಟುವ ಮೊದಲು ಒಳಗೆ ಕೂಡಬೇಕಾದ ಚಿತ್ರದ ಅಳತೆ ನೋಡಬೇಕೆಂಬುದು ಚಿತ್ರಕಲೆಯ ಮೊದಲ ತಿಂಗಳ ಪಾಠ.

ಪ್ರೋಗ್ರಾಂ ಬರೆಯುವುದು ಯಾರದೋ ಅಗತ್ಯಕ್ಕಾಗಿ, ಸಂಬಳಕ್ಕಾಗಿ, ಆದ್ದರಿಂದ ಅದನ್ನು ಕಲೆಯ ಸಾಲಿನಲ್ಲಿ ಕೂಡಿಸಬಾರದು ಎಂದು ಕಲಾವಿದ ಮಿತ್ರರು ಆಕ್ಷೇಪಿಸುವುದುಂಟು. ಅವರಿಗೆ ನಾನು ಕೊಡುವ ಉತ್ತರ ಎಸ್.ಎಂ. ಪಂಡಿತ್. 1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿದ ಪಂಡಿತರು ಮುಂಬೈಯಲ್ಲಿ ಹೆಸರು ಮಾಡಿದ್ದು ಸಿನಿಮಾ ಪ್ರಚಾರಚಿತ್ರಗಳಿಂದ, ಕ್ಯಾಲೆಂಡರ್‌ಗಳಿಂದ. ಬೇಡಿಕೆ ಬೇರೆಯವರದು, ವಿಷಯ ಬೇರೆಯವರದು, ಗಡುವೂ ಬೇರೆಯವರದು. ರಸ್ತೆಯ ಆಚೆ ಬದಿಯಲ್ಲಿ ನಡೆದುಹೋಗುವವನಿಗೂ ಒಂದು ನೋಟದಲ್ಲಿ ಅರ್ಥವಾಗಬೇಕೆಂಬ ಕಟ್ಟುಪಾಡು ಅದರ ಮೇಲೆ. ಆ ಕಟ್ಟುಪಾಡಿನ ಒಳಗೇ ಅವರು ಸಾಧಿಸಿದ ಮೈಕಟ್ಟು, ಬೆಳಕು, ನಿಲುವುಗಳನ್ನು ಕಲೆಯಲ್ಲವೆಂದು ಹೇಳುವ ಧೈರ್ಯ ಇಂದು ಯಾರಿಗೂ ಇಲ್ಲ. ಮಾಡಿಸಿದವರು ಯಾರು ಎಂಬುದರಿಂದ ಕೆಲಸದ ಗುಣ ತೀರ್ಮಾನವಾಗುವುದಿಲ್ಲ.

ಚಿತ್ರಕಾರರೇ ಈ ಕಡೆಗೆ ದಾಟಿ ಬಂದ ಉದಾಹರಣೆಗಳೂ ಇವೆ. 1966ರ ವೆನಿಸ್ ಬಿನಾಲೆಯಲ್ಲಿ ಬ್ರಿಟನ್ ಪರವಾಗಿ ಚಿತ್ರ ಪ್ರದರ್ಶಿಸಿದ್ದ ಹೆರಾಲ್ಡ್ ಕೊಹೆನ್, ತಾನಾಗಿಯೇ ಚಿತ್ರ ಬಿಡಿಸುವ ‘ಆರನ್’ ಎಂಬ ಪ್ರೋಗ್ರಾಂ ಬರೆಯಲು 1970ರ ದಶಕದಲ್ಲಿ ತೊಡಗಿ, 2016ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ವೆರಾ ಮೊಲ್ನಾರ್ 1968ರಲ್ಲಿ ಕಂಪ್ಯೂಟರ್ ಮುಟ್ಟುವ ಮೊದಲೇ, ನಿಯಮಗಳನ್ನು ತಾವೇ ಹಾಕಿಕೊಂಡು ಯಂತ್ರದಂತೆ ಕೈಯಿಂದ ಚಿತ್ರ ಬಿಡಿಸುತ್ತಿದ್ದರು. ಕಲಾವಿದರಿಗೆ ಅನುಕೂಲವಾಗಲೆಂದೇ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಆರಂಭಿಸಿದ ಪ್ರೊಸೆಸಿಂಗ್ ಎಂಬ ಸಾಧನ ಇಂದಿಗೂ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರ್‌ನಲ್ಲಿಯೂ ನಡೆಯುತ್ತದೆ.

ಹೋಲಿಕೆಗೆ ಎಲ್ಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಚಿತ್ರದಲ್ಲಿ ಕೈತಪ್ಪಿ ಬಿದ್ದ ಬಣ್ಣ ಕೆಲವೊಮ್ಮೆ ಚಿತ್ರವನ್ನೇ ಉದ್ಧಾರ ಮಾಡುತ್ತದೆ. ಪಿಂಚಣಿ ಲೆಕ್ಕ ಹಾಕುವ ಪ್ರೋಗ್ರಾಂನಲ್ಲಿ ಅಂಥ ಆಕಸ್ಮಿಕಕ್ಕೆ ಜಾಗವಿಲ್ಲ. ಚಿತ್ರ ಮುಗಿದ ಮೇಲೆ ಗೋಡೆಗೆ ಹೋಗುತ್ತದೆ, ಪ್ರೋಗ್ರಾಂ ಮುಗಿದ ಮೇಲೆ ಅದರ ದುರಸ್ತಿ ಶುರುವಾಗುತ್ತದೆ. ಒಳಗಿನ ಸೊಗಸು ಬರೆದವನಿಗೂ ತಿದ್ದುವವನಿಗೂ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಆದರೆ ಈ ವ್ಯತ್ಯಾಸಗಳೆಲ್ಲ ಮುಗಿದ ವಸ್ತುವಿನವು. ಮಾಡುವಾಗಿನ ಶಿಸ್ತು, ನೋಡುವಾಗಿನ ಎಚ್ಚರ ಎರಡರಲ್ಲೂ ಒಂದೇ, ಮತ್ತು ಶಾಲೆಯಲ್ಲಿ ಕಲಿಸಬೇಕಾದದ್ದು ಅದನ್ನೇ. ಈಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕೇಳಿದ ಕೂಡಲೇ ಪುಟಗಟ್ಟಲೆ ಕೋಡ್ ಬರೆದುಕೊಡುತ್ತವೆ. ಭಾಷೆಯ ವ್ಯಾಕರಣ ಬಾಯಿಪಾಠ ಮಾಡಿದವನ ಬೆಲೆ ಇದರಿಂದ ಇಳಿದಿದೆ; ಬಂದ ಕೋಡ್ ನೋಡಿ ಇದು ಇಲ್ಲಿ ಸಡಿಲ, ಇಲ್ಲಿ ಅತಿಯಾಯಿತು, ಇದು ನಮ್ಮ ಜನರ ಹೆಸರಿಗೆ ಸಾಲದು ಎಂದು ಗುರುತಿಸುವವನ ಅಗತ್ಯ ಇಳಿದಿಲ್ಲ.

ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ಕೆಲವು ವಿನಂತಿಗಳಿವೆ. ಕೋಡಿಂಗ್‌ಗೆ ಬೇರೆ ವೇಳೆ ಹುಡುಕಬೇಕು, ಇಲ್ಲವೇ ವಾರದಲ್ಲಿ ಒಂದು ದಿನ ಎರಡು ಪೀರಿಯಡ್ ಕೂಡಿಸಿ ಚಿತ್ರಕಲೆ ಮತ್ತು ಕಂಪ್ಯೂಟರ್ ಶಿಕ್ಷಕರಿಬ್ಬರೂ ಒಂದೇ ಕೋಣೆಯಲ್ಲಿ ಕಲಿಸುವ ವ್ಯವಸ್ಥೆ ಮಾಡಬೇಕು. ಬೆಳಿಗ್ಗೆ ಹಾಳೆಯ ಮೇಲೆ ಬಿಡಿಸಿದ ವಿನ್ಯಾಸವನ್ನು ಅದೇ ಮಕ್ಕಳು ಮಧ್ಯಾಹ್ನ ಆಮೆಯಿಂದ ಬಿಡಿಸಲಿ. ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಗಳು ನಮ್ಮ ಭಾಗದಲ್ಲಿ ಹಲವಿವೆ, ಆ ಹುದ್ದೆಗಳನ್ನು ತುಂಬದೆ ಈ ಮಾತೆಲ್ಲ ವ್ಯರ್ಥ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗೆ ಹಣ ಕೊಡುವಾಗಲೆಲ್ಲ ಅದೇ ಪ್ರಸ್ತಾವದಲ್ಲಿ ಡ್ರಾಯಿಂಗ್ ಬೋರ್ಡ್, ಬಣ್ಣ, ಹಾಳೆಗಳಿಗೂ ಒಂದು ಪಾಲು ಇಡುವಂತಾದರೆ ಖರ್ಚು ಹೆಚ್ಚೇನೂ ಆಗದು. ಒಂದು ಕಂಪ್ಯೂಟರ್‌ನ ಬೆಲೆಯಲ್ಲಿ ಒಂದು ತರಗತಿಗೆ ವರ್ಷಕ್ಕೆ ಸಾಕಾಗುವಷ್ಟು ಸಾಮಗ್ರಿ ಬರುತ್ತದೆ. ಇನ್ನು ಕಾಲೇಜುಗಳ ಮಟ್ಟಿಗೆ, ಬಿಸಿಎ ಅಂತಿಮ ವರ್ಷದ ಪ್ರಾಜೆಕ್ಟ್ ಪರೀಕ್ಷೆಯಲ್ಲಿ ಮುಗಿದ ಪ್ರೋಗ್ರಾಂಗೆ ಮಾತ್ರ ಅಂಕ ಕೊಡುವುದನ್ನು ಬಿಟ್ಟು, ವಿದ್ಯಾರ್ಥಿ ಅದನ್ನು ಹಂತಹಂತವಾಗಿ ತಿದ್ದಿದ ದಾಖಲೆಗೂ ಅಂಕ ಮೀಸಲಿಡಬೇಕು, ಮತ್ತು ಮೌಲ್ಯಮಾಪಕರ ಪೈಕಿ ಒಬ್ಬರು ದೃಶ್ಯಕಲಾ ಮಹಾವಿದ್ಯಾಲಯದಿಂದ ಬರುವಂತೆ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ನಿಯಮ ತಿದ್ದಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಗಣಕವಿಜ್ಞಾನ ಉಪನ್ಯಾಸಕ, ಕಲಬುರಗಿ